ನಿಂತರೆ ಕಾರು ನಿನ್ನದು

ನನ್ನ ಕೈಗೆ ಸ್ಪ್ಯಾನರ್ ಸಿಕ್ಕಿದ ದಿನ ಏನಾದರೊಂದು ನಡೆದೇ ನಡೆಯುತ್ತದೆ. ನಮ್ಮ ಮನೆಯವರು ಇದನ್ನು ಮಳೆ, ಮಂಜಿನ ಹಾಗೆ ಒಪ್ಪಿಕೊಂಡುಬಿಟ್ಟಿದ್ದಾರೆ.

ತೊಂಬತ್ತರ ದಶಕದ ಕೊನೆ. ಅತ್ತಿಗುಂಡಿ ಹತ್ತಿರ ನಮ್ಮ ಪಕ್ಕದ ಎಸ್ಟೇಟಿನ ಗೌಡ್ರ ಶೆಡ್ಡಿನಲ್ಲಿ ಎರಡೇ ಸೀಟಿನ ಹಳೇ ವಿಲಾಯ್ತಿ ಸ್ಪೋರ್ಟ್ಸ್ ಕಾರೊಂದಿತ್ತು. ತಲೆ ಮೇಲೆ ಮಾಡು ಇಲ್ಲ, ಬ್ರೇಕೂ ಇಲ್ಲ. ಎಂಜಿನ್ ಮಾತ್ರ ಹುಲಿ. ಕಾರು ಕೊಡಿ ಎಂದು ಕೇಳಿ ಕೇಳಿ ನಾನು ಅವರ ತಲೆ ತಿಂದಿದ್ದೆ.

ಒಂದು ದಿನ ಗೌಡ್ರು ಅಂದರು: "ಬ್ರೇಕ್ ರಿಪೇರಿ ಮಾಡು. ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಘಾಟಿ ಇಳಿ. ನಾನು ನಿಲ್ಸು ಅಂದಲ್ಲಿ ನಿಂತರೆ ಕಾರು ನಿಂದು. ನಿಲ್ಲದಿದ್ರೆ ಗುಜರಿಗೆ. ನಾನೂ ನೀನೂ ಉಳಿದಿದ್ರೆ!"

ಜೀಪಿಗೆ ಕಟ್ಟಿ ಎಳೆದುಕೊಂಡು ಬಂದೆ.

ಪಿಸ್ಟನ್ ಹಾರಿದ್ದು

ಮುಂದಿನ ಚಕ್ರದ ಬ್ರೇಕ್ ತಟ್ಟೆಯನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸುವ ಕಬ್ಬಿಣದ ಮುಷ್ಟಿಯೇ ಕ್ಯಾಲಿಪರ್. ಅದರೊಳಗಿನ ಪಿಸ್ಟನ್‌ಗಳು ತುಕ್ಕು ಹಿಡಿದು ಕೂತಿದ್ದವು. ಸುತ್ತಿಗೆಗೆ ಜಗ್ಗಲಿಲ್ಲ, ಬೈಗುಳಕ್ಕೂ ಜಗ್ಗಲಿಲ್ಲ.

ತೋಟದಲ್ಲಿ ಗಿಡಗಳಿಗೆ ಕೊಳೆರೋಗ ಬರದ ಹಾಗೆ ಬೋರ್ಡೋ ದ್ರಾವಣ ಸಿಂಪಡಿಸುವ ಕಾಲ. ಸ್ಪ್ರೇ ಮೋಟಾರಿನ ಪೈಪನ್ನೇ ಕ್ಯಾಲಿಪರ್‌ಗೆ ಸಿಕ್ಕಿಸಿ ಚಾಲೂ ಮಾಡಿದೆ. ಢಂ!

ಪಿಸ್ಟನ್ ಸಿಲ್ವರ್ ಓಕ್ ಮರದ ತುದಿ ದಾಟಿ ಹೋಯಿತು ಎಂದು ಕ್ಲಬ್ಬಿನಲ್ಲಿ ಹೇಳುತ್ತೇನೆ. ನಿಜಕ್ಕೂ ಅದು ಶೆಡ್ಡಿನ ತಗಡಿಗೆ ಬಡಿದು ವಾಪಸು ನನ್ನ ಮಂಡಿಗೇ ಬಿತ್ತು. ಪೈಪಿನಲ್ಲಿ ಉಳಿದಿದ್ದ ಸುಣ್ಣ, ಮೈಲುತುತ್ತವೆಲ್ಲ ಮುಖಕ್ಕೆ ಚಿಮ್ಮಿ, ತಲೆಯಿಂದ ಸೊಂಟದವರೆಗೆ ತಿಳಿನೀಲಿಯಾದೆ.

ಹೆಂಡತಿ ಹೊರಗೆ ಬಂದು ನೋಡಿದಳು. ಗಾಬರಿಯಾಗಲಿಲ್ಲ. "ಒಳ್ಳೇದಾಯ್ತು. ಈ ಮಳೆಗಾಲಕ್ಕೆ ನಿಮಗೆ ಕೊಳೆರೋಗ ಬರಲ್ಲ."

ಯಾವ ಕ್ಯಾಲಿಪರ್?

ಹೊಸ ರಬ್ಬರ್ ಸೀಲ್ ಬೇಕಿತ್ತು. ಬೆಂಗಳೂರಿನ ಸ್ಪೇರ್ ಅಂಗಡಿಗೆ ಫೋನ್ ಮಾಡಿದರೆ, "ಒಂದೇ ಕಾರಿಗೆ ನಾಲ್ಕು ಥರ ಕ್ಯಾಲಿಪರ್ ಬಂದಿದೆ ಸಾರ್, ನಂಬರ್ ಹೇಳಿ" ಅಂದರು. ತುಕ್ಕು ಕೆರೆದು, ಕಂಡಷ್ಟು ಓದಿ, ಕಾಣದ್ದನ್ನು ಧೈರ್ಯವಾಗಿ ಸೇರಿಸಿ ಹೇಳಿದೆ.

"ಅದು ಲಾರಿದು ಸಾರ್. ಹೋಗ್ಲಿ, ಪಿಸ್ಟನ್ ಅಗಲ ಎಷ್ಟು?"

ಅಳೆಯುವ ಸಾಧನ ನನ್ನಲ್ಲಿ ಎಲ್ಲಿದೆ? ಅಡುಗೆಮನೆಯಲ್ಲಿ ಹುಡುಕಿದೆ. ಕಾಫಿ ಲೋಟದ ತಳ ಪಿಸ್ಟನ್ ಮೇಲೆ ಎರಕ ಹೊಯ್ದ ಹಾಗೆ ಕೂತಿತು. ಲೋಟವನ್ನೇ ಪಾರ್ಸಲ್ ಮಾಡಿ, "ಇದೇ ಅಳತೆ" ಎಂದು ಚೀಟಿ ಬರೆದೆ.

ವಾರದ ಮೇಲೆ ಬಂದ ಸೀಲುಗಳು ಬಳೆಯಷ್ಟಿದ್ದವು. ಫೋನಿನಲ್ಲಿ ಹಾರಾಡಿದೆ.

"ಬಾಯಿಗೆ ಹಾಕಿ ನೋಡೇ ಕಳಿಸಿದ್ದು ಸಾರ್, ಕರೆಕ್ಟಾಗಿ ಕೂರತ್ತೆ!"

ಲೋಟಕ್ಕೆ ಬಾಯಿಯೂ ಇರುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು ಲೋಟದ ತಳಕ್ಕೆ ಕೆಂಪು ಬಣ್ಣ ಬಳಿದು ಕಳಿಸಿದೆ. ಸರಿಯಾದ ಸೀಲ್ ಬಂತು. ಲೋಟ ಎರಡೂ ಬರಲಿಲ್ಲ.

ಅವು ಹೆಂಡತಿಯ ತವರಿನ ಆರು ಲೋಟಗಳ ಸೆಟ್ಟಿನವು. "ಎರಡು ಎಲ್ಲಿ?" ಅಂದಳು.

"ಮಂಗ ಎತ್ಕೊಂಡು ಹೋಯ್ತು."

"ಅದು ಗೊತ್ತು. ಎತ್ಕೊಂಡು ಹೋಗಿ ಏನು ಮಾಡ್ತು ಅಂತ ಕೇಳಿದ್ದು."

ಗಾಳಿ

ಎಲ್ಲ ಜೋಡಿಸಿ, ಬ್ರೇಕ್ ಎಣ್ಣೆ ತುಂಬಿಸಿ, ಒಳಗಿನ ಗಾಳಿ ತೆಗೆಯಲು ಶುರುಮಾಡಿದೆ. ಹೆಂಡತಿ ಪೆಡಲಿನ ಮೇಲೆ, ನಾನು ಚಕ್ರದ ಬುಡದಲ್ಲಿ. "ಒತ್ತು." "ಬಿಡು." "ಒತ್ತು." ಮೂರು ದಿನ ಒತ್ತಿದಳು. ಪೆಡಲ್ ಇಡ್ಲಿ ತುಳಿದ ಹಾಗೇ ಇತ್ತು.

ನಾಲ್ಕನೇ ದಿನ ಅವಳೇ ಇಳಿದು ಬಗ್ಗಿ ನೋಡಿದಳು. "ಗಾಳಿ ಹೋಗೋ ತೂತು ಎರಡೂ ಕೆಳಗಡೆ ಯಾಕಿದೆ? ಗಾಳಿ ಮೇಲೆ ಇರಲ್ವಾ?"

ನಾನೂ ಬಗ್ಗಿ ನೋಡಿದೆ. ಎಡಗಡೆಯ ಕ್ಯಾಲಿಪರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದ್ದೆ! ಒಪ್ಪಿಕೊಂಡರೆ ಗಂಡಸೇ? "ವಿಲಾಯ್ತಿ ಗಾಡಿ ಕಣೇ. ಇದರಲ್ಲಿ ಗಾಳಿ ಕೆಳಗೇ ಹೋಗೋದು" ಅಂದೆ.

ಅವಳು ವಸ್ತಾರೆ ಊರಿನ ಮದುವೆಯೊಂದಕ್ಕೆ ಹೋದ ದಿನ ಎರಡನ್ನೂ ಅದಲುಬದಲು ಮಾಡಿ, ತೋಟದ ಮೇಸ್ತ್ರಿಯ ಕೈಲಿ ಪೆಡಲ್ ತುಳಿಸಿದೆ. ಅರ್ಧ ಗಂಟೆಯಲ್ಲಿ ಪೆಡಲ್ ಕಲ್ಲು.

ಸಂಜೆ ಬಂದವಳು ಚಕ್ರದ ಹತ್ತಿರ ಬಗ್ಗಿ, ತೂತು ಮೇಲೆ ಬಂದಿದ್ದನ್ನು ನೋಡಿ, ಸೆರಗು ಸರಿಮಾಡಿಕೊಂಡು ಕೇಳಿದಳು: "ವಿಲಾಯ್ತಿ ಗಾಳಿ ಯಾವಾಗ ನಮ್ಮೂರಿಗೆ ಬಂತು?"

ಗೌಡ್ರು ಕೂತದ್ದು

ದೀಪಾವಳಿ ಕಳೆದ ಮೇಲೆ ಗೌಡ್ರನ್ನು ಕೂರಿಸಿಕೊಂಡು ಘಾಟಿ ಇಳಿದೆ. ಅವರು ಒಂದು ಕೈಯಲ್ಲಿ ಹ್ಯಾಟು, ಇನ್ನೊಂದರಲ್ಲಿ ಬಾಗಿಲು ಹಿಡಿದಿದ್ದರು. ಎರಡು ತಿರುವಿನಲ್ಲಿ ಮೆಲ್ಲಗೆ ತುಳಿದೆ. ಕಾರು ಹೇಳಿದ ಮಾತು ಕೇಳಿತು. ಮೂರನೆಯದರಲ್ಲಿ, ರಸ್ತೆ ತೀರಾ ಕಿರಿದಾದ ಕಡೆ, "ನಿಲ್ಸು!" ಎಂದು ಕೂಗಿದರು.

ಇದ್ದ ಬಲವೆಲ್ಲ ಹಾಕಿ ತುಳಿದೆ. ಕಾರು ಮೊಳೆ ಹೊಡೆದ ಹಾಗೆ ನಿಂತಿತು. ಗೌಡ್ರ ಹ್ಯಾಟು ಮುಂದಿನ ಗಾಜು ದಾಟಿ ಬಾನೆಟ್ ಮೇಲೆ ಕೂತಿತು.

ಸುಧಾರಿಸಿಕೊಂಡು ಕೈ ಕುಲುಕಿದರು. "ಗೆದ್ದೆ ಮಾರಾಯ. ಕಾರು ನಿಂದು. ನಡಿ, ಪೇಟೇಲಿ ಕಾಫಿ ಕುಡಿಯೋಣ."

ಗೇರ್ ಹಾಕಿದೆ. ಕಾರು ಕದಲಲಿಲ್ಲ. ಹಿಡಿದ ಕ್ಯಾಲಿಪರ್ ಬಿಡಲೊಲ್ಲದು. ಕ್ಯಾಲಿಪರ್ ಹೊಸದು ಮಾಡಿದ್ದೆ ನಿಜ, ಅದಕ್ಕೆ ಎಣ್ಣೆ ಒಯ್ಯುವ ಮುದಿ ರಬ್ಬರ್ ಪೈಪು ಒಳಗೇ ಊದಿಕೊಂಡಿತ್ತು. ಅಷ್ಟು ಬಲಕ್ಕೆ ನುಗ್ಗಿ ಹೋದ ಎಣ್ಣೆ ವಾಪಸು ಬರುವ ಹಾಗಿಲ್ಲ. ಗಾಳಿ ತೂತು ಬಿಚ್ಚಿ ಎಣ್ಣೆ ಹೊರಗೆ ಬಿಡೋಣವೆಂದರೆ ಸ್ಪ್ಯಾನರ್ ಮನೆಯಲ್ಲಿತ್ತು.

ಅಷ್ಟರಲ್ಲಿ ಹಿಂದಿನಿಂದ ತುಂಬಿದ ಬಸ್ಸು ಬಂತು. ಹಾರ್ನ್ ಮೇಲೆ ಹಾರ್ನ್. ನಾನು ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತಾ ಕೂತೆ. ಕಂಡಕ್ಟರ್ ಇಳಿದು ಬಂದ, ಹಿಂದೆಯೇ ಮೂವತ್ತು ಜನ.

"ಯಾರ್ದ್ರೀ ಈ ಡಬ್ಬಾ?"

"ಗೌಡ್ರದ್ದು. ನಾನು ಬರೀ ಡ್ರೈವರು" ಎಂದು ವಿನಯದಿಂದ ಪಕ್ಕದ ಸೀಟು ತೋರಿಸಿದೆ. ಸೀಟು ಖಾಲಿ.

ಗೌಡ್ರು ಯಾವಾಗಲೋ ಇಳಿದು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು: "ಸುಳ್ಳು! ಈಗಷ್ಟೇ ಅವನಿಗೇ ಕೊಟ್ಟಿದೀನಿ. ಎತ್ತಿ ಪಕ್ಕಕ್ಕಿಡ್ರಪ್ಪ. ಅವನನ್ನ ಇಳಿಸ್ಬೇಡಿ, ಕೂತೇ ಇರ್ಲಿ. ಗೆದ್ದ ಮನುಷ್ಯ!"

ಎತ್ತಿಯೇ ಬಿಟ್ಟರು. ಸ್ವಂತ ಕಾರಿನಲ್ಲಿ ನನ್ನ ಮೊದಲ ಸವಾರಿ ಅದು. ಆರಡಿ ದೂರ, ಅಡ್ಡಡ್ಡ.