ಕನ್ನಡಿಗೆ ಅಂಟಿದ ಮಹಾದೇವಿ

ಯುಗಾದಿ ಕಳೆದ ಮೊದಲ ಗುರುವಾರ, ಬೆಳಗಿನ ಆರು ಗಂಟೆ, ಜಹೀರಾಬಾದಿನ ನಮ್ಮ ಮನೆ. ಹಾಜರಿದ್ದವರು: ನಾನು, ನನ್ನ ಹೆಂಡತಿ ಶಾಂತವ್ವ, ನೀರು ಸೋರುತ್ತಿದ್ದ ಎರಡು ಫೋಟೋಗಳು.

ಸುರುಳಿಯಾದ ವಸ್ತು ನನಗೆ ಸೇರುವುದಿಲ್ಲ, ಅದು ಚಾಪೆಯಾದರೂ ಸರಿ, ಕ್ಯಾಲೆಂಡರಾದರೂ ಸರಿ. ಡ್ರಿಲ್ ಮಾಸ್ತರನಾಗಿ ಊರ ಮಕ್ಕಳ ಬೆನ್ನನ್ನೆಲ್ಲ ನೆಟ್ಟಗೆ ಮಾಡಿದವನು ನಾನು. ಆದರೆ ನಿವೃತ್ತಿಯ ಮೇಲೆ ಕ್ಯಾಮೆರಾ ಹಿಡಿದು, ಬಚ್ಚಲುಮನೆಗೆ ಕಪ್ಪು ಪರದೆ ಕಟ್ಟಿ ನಾನೇ ತೊಳೆಯತೊಡಗಿದ ಫೋಟೋಗಳು ನನ್ನ ಮಾತು ಕೇಳಲಿಲ್ಲ. ಒಣಗುತ್ತಲೇ ಸುತ್ತಿಕೊಳ್ಳುತ್ತಿದ್ದವು. ಹಿಂದೊಮ್ಮೆ ಝರಾಸಂಗಮದ ನನ್ನ ತಮ್ಮನ ಮಗಳು ಮಹಾದೇವಿಯ ಫೋಟೋವನ್ನು ಗಂಡಿನ ಕಡೆಯವರ ಮುಂದೆ ತಟ್ಟೆಯಲ್ಲಿಟ್ಟಾಗ, ಎಲ್ಲರೂ ನೋಡುತ್ತಿದ್ದಂತೆಯೇ ಅದು ಮೆಲ್ಲಗೆ ಮುದುಡಿತು. "ಹುಡುಗಿ ಭಾಳ ನಾಚತಾಳ ಕಾಣತದ್ರಿ" ಎಂದರೊಬ್ಬರು. ಸಂಬಂಧ ಕೂಡಲಿಲ್ಲ. ಕಾರಣ ಬೇರೆ ಏನೋ ಇದ್ದೀತು. ತಮ್ಮ ಮಾತ್ರ ಫೋಟೋವನ್ನೇ ದೂರಿದ.

ಈ ಸಲ ಹೊಸ ಸಂಬಂಧ; ಫೋಟೋ ನೋಡಲು ನಾರಾಯಣಖೇಡದಿಂದ ಹುಡುಗನ ಕಾಕಾ ನಮ್ಮ ಮನೆಗೇ ಬರುವವರಿದ್ದರು. ಒದ್ದೆ ಫೋಟೋವನ್ನು ಶುಭ್ರ ಗಾಜಿಗೆ ಮುಖ ಕೆಳಗಾಗಿ ಅಂಟಿಸಿ, ಲಟ್ಟಣಿಗೆ ಉರುಳಿಸಿ ನೀರು ಹಿಂಡಿದರೆ, ಒಣಗಿದ ಮೇಲೆ ಚಪ್ಪಟೆಯಾಗಿ, ಹೊಳೆಯುತ್ತ ತಾನೇ ಬೀಳುತ್ತದೆ. ಎಳೆದರೆ ಹರಿಯುತ್ತದೆ. ಮನೆಯಲ್ಲಿದ್ದ ಗಾಜು ಎರಡೇ: ಕಪಾಟಿನ ಕನ್ನಡಿ, ನನ್ನ ಕ್ಷೌರದ ಕನ್ನಡಿ. ಎರಡಕ್ಕೂ ಮಹಾದೇವಿಯನ್ನು ಅಂಟಿಸಿದೆ.

"ಕುಂಕುಮ ಎಲ್ಲಿ ನೋಡಿ ಹಚ್ಕೋಬೇಕ್ರಿ? ಗೋಡಿ ನೋಡೇನು?"

"ಮುಟ್ಟಬ್ಯಾಡ. ತಾನೇ ಬೀಳ್ತದ."

"ಮಂದಿ ಬರೋ ಹೊತ್ತಾತು. ಬೀಳು ಅಂತ ಸೀಟಿ ಊದ್ತೀರೇನು?"

ಅವಳು ಹಿತ್ತಾಳೆ ಕೊಡದ ಹೊಳಪಿನಲ್ಲಿ ಕೆಲಸ ಮುಗಿಸಿದಳು. ಏಳಕ್ಕೆ ನನ್ನ ಕ್ಷೌರದ ಸಮಯ. ಕನ್ನಡಿ ಇಲ್ಲವೆಂದು ಶಿಸ್ತು ತಪ್ಪಿಸಲಾದೀತೆ? ಕೈಯಂದಾಜಿನಲ್ಲೇ ಗಡ್ಡ ಹೆರೆದು ಮೀಸೆ ಕತ್ತರಿಸಿದೆ.

ಕಾಕಾ ಅಂಗಳದಲ್ಲಿ ಚಪ್ಪಲಿ ಬಿಡುವಾಗ ಕಪಾಟಿನ ಫೋಟೋ ಪಟ್ಟನೆ ಬಿತ್ತು. ಅಟೆನ್ಶನ್‌ನಲ್ಲಿ ನಿಂತಷ್ಟು ನೆಟ್ಟಗಿತ್ತು.

"ನೋಡ್ರಿ, ನಾಲ್ಕೂ ಮೂಲಿ ಸಮ. ಎಡಕ್ಕ ಬಲಕ್ಕ ಎಲ್ಲ್ಯಾದ್ರೂ ಹೆಚ್ಚುಕಮ್ಮಿ ಅದಾ?"

ಅವರು ಫೋಟೋ ನೋಡಿದರು. ಅದಕ್ಕಿಂತ ಹೆಚ್ಚು ಹೊತ್ತು ನನ್ನ ಮುಖ ನೋಡಿದರು. "ಫೋಟೋದಾಗಂತೂ ಇಲ್ರಿ ಮಾಸ್ತರ್" ಎಂದು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. "ಸೋಮವಾರ ಹುಡುಗನ್ನ ಕರಕೊಂಡೇ ಬರ್ತೀವಿ." ಮೆಚ್ಚುಗೆಯೆಂದು ಬೀಗಿದೆ.

ಸಂಜೆ ಎರಡನೆಯ ಫೋಟೋವೂ ಬಿದ್ದಿತು. ಕನ್ನಡಿ ಒರೆಸಲು ಕುಳಿತೆ. ಒರೆಸಿದಂತೆ ನನ್ನ ಮುಖ ಮೂಡಿತು: ಎಡಕ್ಕೆ ತುಂಬು ಮೀಸೆ, ಬಲಕ್ಕೆ ಬರೀ ತುಟಿ.

"ಬೆಳಿಗ್ಗಿನಿಂದ ನೋಡ್ಲಿಕತ್ತೀದಿ, ಒಂದು ಮಾತು ಹೇಳಬಾರದಾ?"

"ಮುಟ್ಟಬ್ಯಾಡ, ತಾನೇ ಬೀಳ್ತದ ಅಂದಿದ್ರಲ್ರಿ" ಎಂದಳು ಶಾಂತವ್ವ. "ಉಳಿದದ್ದೂ ಬೀಳ್ತದೇನೋ ಅಂತ ಕಾದೆ."

ಬೀಳಲಿಲ್ಲ. ದೀಪ ಹಚ್ಚುವ ಮುಂಚೆ ಉಳಿದರ್ಧವನ್ನು ನಾನೇ ಬೋಳಿಸಿ, ಕ್ಷೌರದ ಕತ್ತಿ ತೊಳೆದಿಟ್ಟೆ.