ಇಪ್ಪತ್ತೆರಡು ಎಕರೆ ನುಂಗಿದ ಫರಸಿಗೆ

ಗುಂಡಗುರ್ತಿ, ೧೭ ಮೇ ೧೯೮೫

ನಮ್ಮ ಕೆರೆ ಕಾಮಗಾರಿ ಕಚೇರಿಯ ಗೋಡೆಯ ಮೇಲೆ ಕರಿಬಣ್ಣ ಬಳಿಸಿಕೊಂಡು ಕರಿಹಲಗೆಯಾಗಿ ವಿರಾಜಮಾನರಾಗಿರುವ ಶಹಾಬಾದ ಫರಸಿಕಲ್ಲಿನವರ ಸನ್ನಿಧಿಗೆ ಅನಂತ ನಮಸ್ಕಾರಗಳು.

ಮಾನ್ಯರೇ,

ಕಲ್ಲಿಗೆ ಕಾಗದ ಬರೆಯುತ್ತಾನಲ್ಲ ಎಂದು ಓದುಗರು ನಗಬಾರದು. ಕಚೇರಿಯ ಸಾಹೇಬರಿಗೆ ಮೂರು ಸಲ ಬರೆದೆ, ಉತ್ತರವಿಲ್ಲ. ಆ ಕಚೇರಿಯಲ್ಲಿ ನೆನಪಿಟ್ಟುಕೊಳ್ಳುವ ಕೆಲಸ ತಮ್ಮದೊಬ್ಬರದೇ ಎಂದು ಅವರೇ ಸಾರಿದ್ದಾರೆ.

ಅವರು ಹೈದರಾಬಾದಿನ ತರಬೇತಿಯಿಂದ ಒಂದು ಸುದ್ದಿ ತಂದರು. ಅಮೆರಿಕದಲ್ಲಿ ಹಲವು ತಲೆಗಳ ಕಂಪ್ಯೂಟರ್ ಬಂದಿದೆಯಂತೆ. ತಲೆಗಳೆಲ್ಲ ಒಟ್ಟಿಗೇ ಲೆಕ್ಕ ಮಾಡುತ್ತವೆಯಂತೆ, ನೆನಪು ಮಾತ್ರ ಎಲ್ಲಕ್ಕೂ ಒಂದೇ ಅಂತೆ. ಇಲ್ಲಿ ಕಂಪ್ಯೂಟರ್ ಸಿಗಲಿಲ್ಲ. ಎಂಟು ಗುಮಾಸ್ತರು ಸಿಕ್ಕರು, ನೆನಪಿನ ಜಾಗಕ್ಕೆ ತಾವು ಸಿಕ್ಕಿರಿ. ಹೊಸ ಕೆರೆಯಲ್ಲಿ ಮುಳುಗುವ ಜಮೀನಿನ ಮೊತ್ತ, ಗುಮಾಸ್ತ ದೇವಿಂದ್ರಪ್ಪ ಒಬ್ಬನೇ ಎಂಟು ದಿನದಲ್ಲಿ ಮುಗಿಸುತ್ತಿದ್ದ ಲೆಕ್ಕ, ಒಂದೇ ದಿನದಲ್ಲಿ ಆಗಬೇಕೆಂದು ಅಪ್ಪಣೆಯಾಯಿತು. ಪ್ರತಿಯೊಬ್ಬ ಗುಮಾಸ್ತರೂ ಫರಸಿಯಾದ ತಮ್ಮ ಮೈಮೇಲಿನ ಅಂಕಿ ಓದಿ, ಮೇಜಿಗೆ ಹೋಗಿ ಅದಕ್ಕೆ ತಂತಮ್ಮ ಹಾಳೆಯದನ್ನು ಕೂಡಿಸಿ, ಮರಳಿ ಬಂದು ಹಳೆಯದನ್ನು ಒರೆಸಿ ಹೊಸದನ್ನು ಬರೆಯುವುದು ನಿಯಮ.

ತಮ್ಮ ಮೇಲೆ ನೂರನಲವತ್ತು ಎಕರೆ ಇದ್ದಾಗ ದೇವಿಂದ್ರಪ್ಪನೂ ಇನ್ನೊಬ್ಬ ಗುಮಾಸ್ತೆ ಶಿವಕಾಂತಮ್ಮನವರೂ ಒಟ್ಟಿಗೇ ಓದಿಕೊಂಡು ಹೋದರು. ಅವನು ತನ್ನ ಇಪ್ಪತ್ತೆರಡು ಸೇರಿಸಿ ನೂರ ಅರವತ್ತೆರಡು ಎಂದು ಬರೆದ. ಆಕೆ ತನ್ನ ಮೂವತ್ತೊಂದನ್ನು ಅದೇ ನೂರನಲವತ್ತಕ್ಕೆ ಕೂಡಿಸಿ ತಂದು, ನಿಯಮದಂತೆ ಅವನದನ್ನು ಒರೆಸಿ, ನೂರ ಎಪ್ಪತ್ತೊಂದು ಎಂದು ಬರೆದರು. ಇಬ್ಬರ ಕೂಡಿಕೆಯೂ ಸರಿ. ಇಪ್ಪತ್ತೆರಡು ಎಕರೆ ಮಾತ್ರ ಒರೆಸುವ ಬಟ್ಟೆಯ ಧೂಳಾಯಿತು. ಕೊನೆಗೆ ಜಮೀನು ಮುಳುಗುವವರ ಪಟ್ಟಿಗೂ ತಮಗೂ ತಾಳೆಯಾಗದಿದ್ದಾಗ, ಸಾಹೇಬರು ತಮ್ಮ ಸನ್ನಿಧಿಯ ಮೇಲಿನ ಗೌರವದಿಂದ ಪಟ್ಟಿಯನ್ನೇ ತಿದ್ದಿ, ದೇವಿಂದ್ರಪ್ಪನ ಹಾಳೆ ಹೆಚ್ಚಿನದೆಂದು ತೆಗೆದುಹಾಕಿದರು.

ಆ ಹಾಳೆಯಲ್ಲಿ ನಮ್ಮೂರ ಸಾಬಮ್ಮನ ಮನೆಯಿತ್ತು. ಪಟ್ಟಿಯಲ್ಲಿ ಇಲ್ಲದವರಿಗೆ ದಿಬ್ಬದ ಮೇಲೆ ಬದಲಿ ಜಾಗವಿಲ್ಲ, ಕೆರೆಯ ಏರಿಯೋ ಮುಗಿಯುತ್ತ ಬಂದಿದೆ. ‘ಸಾಹೇಬ್ರ, ನೀರಿಗಿ ನಿಮ್ಮ ಪಟ್ಟಿ ಓದ್ಲಿಕ್ಕ ಬರ್ತದೇನ್ರಿ?’ ಎಂದು ಆಕೆ ಕಚೇರಿಯಲ್ಲಿ ಕೇಳಿದ್ದಕ್ಕೆ ಉತ್ತರ ಇನ್ನೂ ತಯಾರಾಗುತ್ತಿದೆ.

ಆಮೇಲೆ ತೆಗೆದ ಹಾಳೆಯನ್ನೂ ಸೇರಿಸಿ ಮರುಲೆಕ್ಕದ ಆಜ್ಞೆ ಬಂತು, ಸುಧಾರಣೆಯ ಸಮೇತ. ಇಡೀ ಕಚೇರಿಗೆ ಒಂದೇ ಸೀಮೆಸುಣ್ಣ. ಅದು ಕೈಯಲ್ಲಿದ್ದವರು ಮಾತ್ರ ತಮ್ಮನ್ನು ಓದಬಹುದು, ಬರೆಯಬಹುದು. ಒಬ್ಬರು ಕೂಡಿಸುವಾಗ ಏಳು ಜನ ಕೈಕಟ್ಟಿ ನಿಲ್ಲುವ ಆ ಶಿಸ್ತು ನೋಡಲು ಎರಡು ಕಣ್ಣು ಸಾಲವು. ಹನ್ನೆರಡು ದಿನಗಳಾದವು. ಗುಮಾಸ್ತ ಮೆಹತಾಬ್ ಭಾಯಿ ಮದುವೆಗೆಂದು ವಾಡಿ ಊರಿಗೆ ಹೋಗುವಾಗ ಸೀಮೆಸುಣ್ಣವನ್ನು ಜೇಬಿನಲ್ಲೇ ಒಯ್ದರು. ಇನ್ನೊಂದು ಕೊಟ್ಟರೆ ಶಿಸ್ತು ಕೆಡುತ್ತದೆಂದು ಎಲ್ಲರೂ ಕಾಯುತ್ತಿದ್ದಾರೆ. ದೇವಿಂದ್ರಪ್ಪನ ಹಾಳೆಯ ಪಾಳಿ ಇನ್ನೂ ಬಂದಿಲ್ಲ.

ಐವತ್ತಾರರಲ್ಲಿ ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿದಾಗ ಉರ್ದು ಪಹಣಿಗಳನ್ನು ಕನ್ನಡಕ್ಕೆ ಇಳಿಸಿದ ಗುಮಾಸ್ತರನ್ನು ನಾನು ಕಂಡಿದ್ದೇನೆ. ಅವರವರ ಹಾಳೆಯ ಮೊತ್ತ ಅವರವರ ಹತ್ತಿರ; ಸಂಜೆ ಒಂದೇ ಸಲ ಕೂತು ಎಲ್ಲವನ್ನೂ ಕೂಡಿಸುತ್ತಿದ್ದರು. ಶಿವಕಾಂತಮ್ಮನವರು ಹಾಗೆಯೇ ಮಾಡೋಣವೆಂದಾಗ ಸಾಹೇಬರು ಅದನ್ನು ಖಾಸಗಿ ಲೆಕ್ಕವೆಂದು ನಿಷೇಧಿಸಿದರಂತೆ.

ಆದ್ದರಿಂದ ತಾವೇ ದಯಮಾಡಿ ಆ ಇಪ್ಪತ್ತೆರಡು ಎಕರೆಯನ್ನು ನೆನಪಿಸಿಕೊಳ್ಳಬೇಕು. ಅದು ಆಗದಿದ್ದರೆ ಗೋಡೆಯಿಂದ ಇಳಿದು ಬಂದು, ಸಾಬಮ್ಮನ ಹೊಸ್ತಿಲಿಗೆ ಅಡ್ಡ ನಿಂತು, ನೀರು ತಡೆಯಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಹಣಮಂತರಾಯ, ನಿವೃತ್ತ ಮಾಸ್ತರ

ತಾಜಾ ಕಲಂ: ಕೆಲಸ ಚುರುಕಾಗಲೆಂದು ಸಾಹೇಬರು ಇನ್ನೂ ಎಂಟು ಗುಮಾಸ್ತರನ್ನು ಕೇಳಿದ್ದಾರೆಂದು ತಿಳಿದು ಸಂತೋಷವಾಯಿತು. ಅವರು ಬರುವಷ್ಟರಲ್ಲಿ ಮಳೆ ಬಂದರೆ ದೇವಿಂದ್ರಪ್ಪನ ಹಾಳೆಯನ್ನು ನೀರೇ ಕೂಡಿಸಿಕೊಳ್ಳುತ್ತದೆ; ಅದಕ್ಕೆ ಸೀಮೆಸುಣ್ಣ ಬೇಕಿಲ್ಲ.