ಹದ್ದಿನ ಹಿಂದೆ ಕಾಗೆ, ಕಾಗೆಯ ಕೆಳಗೆ ನಾನು

ನಾನು ಹುಟ್ಟು ಪುಕ್ಕಲ. ಬ್ಯಾಂಕಿನ ಕೆಲಸ, ತುಮಕೂರಿನಿಂದ ವರ್ಗವಾಗಿ ಮೊದಲು ವಿಜಯವಾಡ, ಆಮೇಲೆ ವಿಶಾಖಪಟ್ಟಣ. ಈ ಕಡೆ ಬಂದ ಮೇಲೆ ಸಮುದ್ರಕ್ಕೆ ಹೆದರಿದ್ದೇನೆ, ಚಂಡಮಾರುತಕ್ಕೆ ಹೆದರಿದ್ದೇನೆ, ಎಲೆಯ ತುದಿಗೆ ಬಡಿಸಿದ ಆವಕಾಯಿ ಉಪ್ಪಿನಕಾಯಿಗೂ ಹೆದರಿದ್ದೇನೆ. ಇವೆಲ್ಲ ಯಾರಿಗಾದರೂ ಆಗುವಂಥವು. ಆದರೆ ಆಕಾಶದಲ್ಲಿ ಸಣ್ಣ ಹಕ್ಕಿ ದೊಡ್ಡ ಹಕ್ಕಿಯನ್ನು ಅಟ್ಟಿಸಿಕೊಂಡು ಹೋದಾಗಲೆಲ್ಲ ಪೆಟ್ಟು ಮಾತ್ರ ಕೆಳಗಿರುವ ನನಗೇ ಯಾಕೆ ಬೀಳುತ್ತದೋ, ಇವತ್ತಿಗೂ ತಿಳಿದಿಲ್ಲ.

೧. ಮೀನು ಕೊಡಿಸಿದ ರಜೆ

ವಿಜಯವಾಡದ ಗವರ್ನರ್‌ಪೇಟೆಯ ಶಾಖೆಯಲ್ಲಿ ನನ್ನ ಮ್ಯಾನೇಜರ್ ನಮ್ಮ ಕಡೆಯವರೇ, ಹಾಸನದವರು. ಆರಡಿ ಆಳು, ಬೋಳು ತಲೆ, ಬಾಗಿದ ಮೂಗು. ಕನ್ನಡಕದ ಮೇಲಿಂದ ಒಮ್ಮೆ ನೋಡಿದರೆ ಸಾಕು, ಇಡೀ ಶಾಖೆ ಗಪ್‌ಚುಪ್. ಸಿಬ್ಬಂದಿ ಬೆನ್ನ ಹಿಂದೆ ಅವರನ್ನು ‘ಹದ್ದು’ ಅನ್ನುತ್ತಿದ್ದರು. ನನಗೆ ಬೆನ್ನ ಹಿಂದೆ ಅನ್ನುವುದಕ್ಕೂ ಧೈರ್ಯವಿರಲಿಲ್ಲ.

ನಾದಿನಿಯ ಮದುವೆಗೆ ನಾಲ್ಕು ದಿನ ರಜೆ ಬೇಕಿತ್ತು. ಒಂದು ವಾರ ಎದೆ ಗಟ್ಟಿ ಮಾಡಿಕೊಂಡು, ಊಟ ಮುಗಿಸಿ ಅವರು ತಾರಸಿಯಲ್ಲಿ ಅಡ್ಡಾಡುವ ಹೊತ್ತಿಗೆ ಹೋಗಿ ನಿಂತೆ.

“ಏನ್ರೀ?” ಅಂದರು.

“ಸರ್, ರಜೆ...” ಅಂದೆ.

“ರಜೆ ಗಿಜೆ ಏನೂ ಇಲ್ಲ.”

ಅಷ್ಟರಲ್ಲಿ ಕಾಲುವೆಯ ಕಡೆಯಿಂದ ಒಂದು ಹದ್ದು ಮೀನು ಕಚ್ಚಿಕೊಂಡು ಬಂತು. ಅದರ ಹಿಂದೆ ಮುಷ್ಟಿಗಾತ್ರದ ಕಾಜಾಣ. ಸೀಳಿದ ಬಾಲದ ಆ ಕರಿ ಹಕ್ಕಿ ಹದ್ದಿನ ಬೆನ್ನಿಗೇ ಕುಕ್ಕಿತು. ಗಾಬರಿಯಾದ ಹದ್ದು ಮೀನನ್ನು ಕೈಬಿಟ್ಟಿತು, ಅದು ನೇರ ನನ್ನ ಹೆಗಲ ಮೇಲೆ ಬಿತ್ತು. ನಾನು ಕಿಟಾರನೆ ಕಿರುಚಿದೆ. ಮಡಿವಂತರಾದ ಮ್ಯಾನೇಜರ್ ನಾಲ್ಕು ಹೆಜ್ಜೆ ಹಿಂದೆ ನೆಗೆದು ಮೂಗು ಮುಚ್ಚಿಕೊಂಡರು.

“ಹೋಗ್ರೀ, ಮೊದ್ಲು ಮನೆಗೆ ಹೋಗ್ರೀ!”

“ನಾಲ್ಕು ದಿನಾನಾ ಸರ್?”

“ವಾಸನೆ ಹೋಗೋವರೆಗೂ!”

೨. ಸಂಡಿಗೆಗೆ ಕಾವಲು

ವಿಶಾಖಪಟ್ಟಣಕ್ಕೆ ವರ್ಗವಾಗಿ ಗಾಜುವಾಕದಲ್ಲಿ ಬಾಡಿಗೆ ಮನೆ ಹಿಡಿದೆವು. ಬೇಸಿಗೆಗೆ ಅಮ್ಮ ಬಂದಳು. ನಾಲ್ಕೂವರೆ ಅಡಿಯ ಹೆಂಗಸು, ಬಂದ ಮಾರನೆಯ ದಿನವೇ ತಾರಸಿಯ ತುಂಬ ಸಂಡಿಗೆ ಹಾಕಿದಳು. ಕಾಗೆಗಳ ಕಾಟ ಶುರುವಾಯಿತು.

ನನಗೊಂದು ಉಪಾಯ ಹೊಳೆಯಿತು. ಬೀಚಿನಲ್ಲಿ ಹದ್ದಿನ ಆಕಾರದ ಬಟ್ಟೆಯ ಗಾಳಿಪಟ ಮಾರುತ್ತಾರೆ. ಒಂದನ್ನು ತಂದು ಬಿದಿರಿನ ಗಳಕ್ಕೆ ಕಟ್ಟಿ ಸಂಡಿಗೆಯ ಪಕ್ಕ ನಿಲ್ಲಿಸಿದೆ. ಹದ್ದನ್ನು ಕಂಡರೆ ಕಾಗೆ ಹತ್ತಿರ ಸುಳಿಯುವುದಿಲ್ಲ ಅಂತ ನನ್ನ ಎಣಿಕೆ. ಕೆಳಗಿನ ಮನೆಯ ಓನರಮ್ಮ “ವದ್ದಂಡಿ ಬಾಬು, ಬೇಡ” ಅಂದರು. ನಾನು ಕೇಳಲಿಲ್ಲ.

ಹೆದರಿದರೆ ಒಂಟಿಯಾಗಿ ಓಡುವುದು ನನ್ನ ಜಾಯಮಾನ. ಕಾಗೆಗಳು ಹೆದರಿದರೆ ಬಳಗ ಕರೆಯುತ್ತವೆ. ಹತ್ತು ನಿಮಿಷದೊಳಗೆ ಗಾಜುವಾಕದ ಕಾಗೆಯೆಲ್ಲ ನಮ್ಮ ತಾರಸಿಯ ಮೇಲಿತ್ತು. ಒಂದೊಂದೇ ಬಂದು ಬಟ್ಟೆಯ ಹದ್ದಿಗೆ ಎರಗಿ ಕುಕ್ಕಿ ಹೋಗುತ್ತಿತ್ತು. ಗಳ ಕಿತ್ತುಹಾಕಲು ಹೋದ ನನ್ನ ನೆತ್ತಿಗೂ ಒಂದು ಫಟಾರನೆ ಬಡಿಯಿತು. ನೀರಿನ ಟ್ಯಾಂಕಿನ ಸಂದಿಗೆ ನುಗ್ಗಿ ಮುದುರಿ ಕೂತೆ.

ಹದ್ದು ಅರ್ಧ ಹರಿದ ಮೇಲೆ ಕಾಗೆಗಳು ಶಾಂತವಾಗಿ ಇಳಿದು ಸಂಡಿಗೆಗೆ ಕೂತವು. ಅಮ್ಮ ಮೆಟ್ಟಿಲ ಮೇಲೆ ನಿಂತು ನೋಡಿದಳು. “ಅಷ್ಟು ಹೊಡೆದಾಡಿ ಸುಸ್ತಾಗಿದಾವೆ, ತಿನ್ಲಿ ಬಿಡು. ನೀನ್ಯಾವಾಗ ಈಚೆ ಬರ್ತೀಯ?” ಅಂದಳು.

೩. ಇಳಿಸಿಬಿಟ್ಟ ಬಸ್ಸು

ನೆತ್ತಿಗೆ ಕಾಗೆ ಬಡಿದದ್ದನ್ನು ಯಾರಿಗೂ ಹೇಳಲಿಲ್ಲ. ತಲೆಗೆ ಕಾಗೆ ಬಡಿದರೆ ಸಾವು ಹತ್ತಿರವಾಯಿತು ಅಂತ ಚಿಕ್ಕಂದಿನಿಂದ ಕೇಳಿದವನು ನಾನು. ಓದಿದವನು, ಬ್ಯಾಂಕ್ ಅಧಿಕಾರಿ, ಇದನ್ನೆಲ್ಲ ನಂಬಬಾರದು ಅಂತ ಗೊತ್ತು. ಆದರೆ ಎದೆ ಡವಡವ ಹೊಡೆದುಕೊಳ್ಳುವುದು ಅದಕ್ಕೆಲ್ಲ ನಿಲ್ಲುತ್ತದೆಯೇ? ಬಂದರಿನ ಲಾರಿಗಳು ನನ್ನನ್ನೇ ಹುಡುಕಿಕೊಂಡು ಬರುತ್ತಿವೆ ಅನ್ನಿಸಿತು. ಗ್ಯಾಸ್ ಒಲೆ ಹಚ್ಚಿದೊಡನೆ ವರಾಂಡಕ್ಕೆ ಓಡಿದೆ. ಬಾಳೆಹಣ್ಣನ್ನೂ ಅಗಿದು ಅಗಿದು ನುಂಗಿದೆ.

ಮೂರನೆಯ ದಿನ ಬ್ಯಾಂಕಿನ ಕೆಲಸದ ಮೇಲೆ ಅಚ್ಯುತಾಪುರಂನ ಒಂದು ಫ್ಯಾಕ್ಟರಿಗೆ ಹೋಗಬೇಕಾಯಿತು. ಬಸ್ಸಿನಲ್ಲಿ ಮುಂದೆ ಕೂತರೆ ಎದುರಿನ ಲಾರಿ, ಹಿಂದೆ ಕೂತರೆ ಹಿಂದಿನ ಲಾರಿ. ಸೀಟು ಖಾಲಿಯಿದ್ದರೂ ನಡುವಿನ ಕಂಬ ತಬ್ಬಿಕೊಂಡು ನಿಂತೆ.

“ಕೂರ್ಚೋಂಡಿ ಸಾರ್, ಯಾಕೆ ನಿಂತಿದ್ದೀರಿ?” ಅಂತ ಕಂಡಕ್ಟರ್ ತೆಲುಗಿನಲ್ಲಿ ಕೇಳಿದ.

ಹೆದರಿಕೆಯಲ್ಲಿ ಬಾಯಿ ಜಾರಿತು. ತಲೆಗೆ ಕಾಗೆ ಬಡಿದದ್ದನ್ನು ಹೇಳಿಬಿಟ್ಟೆ.

“ಅಮ್ಮೋ!” ಎಂದವನೇ ಸೀಟಿ ಊದಿ ಬಸ್ ನಿಲ್ಲಿಸಿದ. “ನನಗಿಬ್ಬರು ಮಕ್ಕಳಿದ್ದಾರೆ ಸಾರ್. ನೀವು ಹಿಂದಿನ ಬಸ್ಸಿಗೆ ಬನ್ನಿ.”

೪. ಅಳುವವರು ಬೇಕು

ಅವತ್ತು ಸಂಜೆ ಅಮ್ಮನಿಗೆ ಹೇಳಿಯೇಬಿಟ್ಟೆ. ಅವಳ ಮುಖ ಬಿಳಿಚಿತು. “ಮೂರು ದಿನ ಬಾಯಲ್ಲಿ ಏನು ಇಟ್ಕೊಂಡಿದ್ಯೋ?” ಎಂದು ಬೈದು ಪರಿಹಾರ ಹೇಳಿದಳು. ನಾನು ಸತ್ತೆನೆಂದು ಯಾರಿಗಾದರೂ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ಅತ್ತರೆ, ಯಮ ತನ್ನ ಕೆಲಸ ಮುಗಿಯಿತೆಂದು ತಿಳಿದು ವಾಪಸ್ ಹೋಗುತ್ತಾನೆ. ಆಮೇಲೆ ನಿಜ ಹೇಳಿಬಿಟ್ಟರಾಯಿತು.

ಯಾರಿಗೆ ಹೇಳುವುದು? ಅಕ್ಕನಿಗೆ ಬಿಪಿ, ಅವಳೇ ಹೋಗಿಬಿಟ್ಟಾಳು. ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕೋಣವೆಂದರೆ “ಓಂ ಶಾಂತಿ ಅಂತ ಒತ್ತಿ ಮುಂದಿನ ಜೋಕ್ ಓದ್ತಾರೆ” ಅಂದಳು ಹೆಂಡತಿ. “ನಿಮ್ಮಣ್ಣ?” ಅಂದೆ. “ಅಣ್ಣ ನನ್ನ ಮದುವೇಲೇ ಅತ್ತಿಲ್ಲ ರೀ.” ಸಾವಿನ ಭಯಕ್ಕಿಂತ ದೊಡ್ಡದೊಂದು ಸಂಕಟ ಆಗ ಶುರುವಾಯಿತು. ನನಗಾಗಿ ಅಳುವವರು ಒಬ್ಬರೂ ಇಲ್ಲವಲ್ಲ!

“ನಿನ್ನ ಹಳೇ ಮ್ಯಾನೇಜರಿಗೆ ಮಾಡ್ತೀನಿ” ಅಂದಳು ಅಮ್ಮ.

“ಅವರು ಅಳ್ತಾರಾ? ಅವರಿಗೆ ಕಣ್ಣೀರೇ ಇಲ್ಲಮ್ಮ.”

“ಆದ್ರೆ ಆಗ್ಲಿ. ಸುದ್ದಿಯಾದ್ರೂ ಮುಟ್ಲಿ.”

ಅಮ್ಮ ಫೋನ್ ಮಾಡಿ ದನಿ ನಡುಗಿಸಿ ಹೇಳಿದಳು. ಆ ಕಡೆ ಒಂದು ಮಾತೂ ಇಲ್ಲ, ಫೋನ್ ಇಟ್ಟುಬಿಟ್ಟರು. ನಿಜ ಹೇಳೋಣವೆಂದು ಮತ್ತೆ ಮತ್ತೆ ಮಾಡಿದರೆ ಸ್ವಿಚ್ ಆಫ್. ಶನಿವಾರ ಸಂಜೆ, ಶಾಖೆಯೂ ಮುಚ್ಚಿತ್ತು. “ನೋಡು, ಎಷ್ಟು ಕಲ್ಲು ಮನಸ್ಸು” ಅಂದೆ ನಾನು.

೫. ಇನ್ನೂ ಶುರು ಮಾಡಿಲ್ವಾ?

ಭಾನುವಾರ ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ಸತ್ತವನು ಬಾಗಿಲು ತೆಗೆಯಬಾರದು ಅನ್ನುವುದು ನನಗೆ ಹೊಳೆಯಲಿಲ್ಲ. ತೆಗೆದೆ.

ಹೊಸಿಲಾಚೆ ಮ್ಯಾನೇಜರ್ ನಿಂತಿದ್ದರು. ಕೈಯಲ್ಲಿ ಮಾರುದ್ದದ ಹೂಹಾರ, ಊದಿದ ಕಣ್ಣು. ಬೆಳಗಿನ ರೈಲು ಹತ್ತಿ ಬಂದಿದ್ದರು. ನನ್ನನ್ನು ನೋಡಿದರು, ಹಾರ ನೋಡಿದರು, ಮತ್ತೆ ನನ್ನನ್ನು ನೋಡಿದರು. ಯಮನೇ ಬಂದಿದ್ದರೆ ವಾಸಿಯಿತ್ತು.

“ಏನ್ರೀ ಇದು!” ಎಂದು ಗುಡುಗಿದರು.

ಅಮ್ಮ ನನ್ನ ಕಂಕುಳ ಕೆಳಗಿನಿಂದ ನುಗ್ಗಿ ಅವರ ಎದುರು ನಿಂತಳು. “ಏನ್ ಸ್ವಾಮಿ, ಮಾತು ಪೂರ್ತಿ ಕೇಳೋದು ಬೇಡ್ವಾ? ಹದಿನೈದು ಸಲ ಮಾಡಿದೀನಿ, ಫೋನ್ ಆರಿಸ್ಕೊಂಡು ಕೂತ್ರೆ ನಾನೇನು ಮಾಡ್ಲಿ? ಅಷ್ಟುದ್ದ ಹಾರ ಬೇರೆ!” ಅವಳು ಒಂದು ಹೆಜ್ಜೆ ಮುಂದೆ, ಆರಡಿಯ ಮ್ಯಾನೇಜರ್ ಒಂದು ಹೆಜ್ಜೆ ಹಿಂದೆ. ಹಾಗೇ ಅರ್ಧ ಮಹಡಿ ಇಳಿದರು. ಆ ಕಾಜಾಣ ನೆನಪಾಯಿತು.

“ಅಳು ತಡೆಯೋಕಾಗ್ಲಿಲ್ಲಮ್ಮ” ಅಂದರು ಅವರು, ತಲೆ ತಗ್ಗಿಸಿ. “ಅದಕ್ಕೇ ಆಫ್ ಮಾಡಿದೆ.”

ನನಗಾಗಿ ಅಳುವವರು ಒಬ್ಬರಿದ್ದರು.

ಊಟ ಮಾಡಿಸಿ ಎಲ್ಲ ವಿವರಿಸಿದೆವು. ಪರಿಶೀಲನೆ ಮಾಡುವ ಅಭ್ಯಾಸ ಅವರದು, “ಎಲ್ಲಿ, ಜಾಗ ತೋರಿಸ್ರೀ” ಅಂದರು. ತಾರಸಿಯಲ್ಲಿ ಹರಿದ ಹದ್ದು ಇನ್ನೂ ಗಳದಲ್ಲಿತ್ತು. “ಈ ಚಿಂದಿಗಾ ಇಷ್ಟೆಲ್ಲ?” ಎಂದು ಬಿಚ್ಚಿ ಕೈಯಲ್ಲಿ ಎತ್ತಿ ಝಾಡಿಸಿದರು. “ಸರ್, ಬೇಡ” ಅಂದೆ, ಟ್ಯಾಂಕಿನ ಹಿಂದಿನಿಂದ. ಅಷ್ಟರಲ್ಲಿ ಮೂರು ಕಾಗೆ ಬಂದೇಬಿಟ್ಟವು. ಒಂದು ಬೋಳು ನೆತ್ತಿಗೇ ಬಡಿಯಿತು.

ಕೆಳಗೆ ಬಂದು ಕೂತವರ ಮುಖದಲ್ಲಿ ಬೆವರು. ಮೆಲ್ಲಗೆ ಕೇಳಿದರು, “ಅಮ್ಮಾ, ನಂಗೂ ಒಂದು ಫೋನ್ ಮಾಡಿಸ್ಬೇಕಾ?”

“ಮಾಡ್ಲೇಬೇಕು. ಯಾರಿಗೆ ಹೇಳ್ಲಿ?”

ಬೆರಳು ಮಡಚಿ ಎಣಿಸಿದರು. “ಮನೇಲಿ ತಡ್ಕೊಳಲ್ಲ. ಸ್ಟಾಫಿಗೆ ಹೇಳಿದ್ರೆ ಸ್ವೀಟ್ ಹಂಚ್ತಾರೆ.” ಕೊನೆಗೆ ನನ್ನ ಕಡೆ ನೋಡಿದರು. ಆ ಕಣ್ಣಲ್ಲಿ ನಿಜವಾದ ಭಯವಿತ್ತು. ಅದು ನನಗೆ ಚೆನ್ನಾಗಿ ಪರಿಚಯವಿದ್ದ ಭಯ.

ಅಮ್ಮ ಫೋನ್ ಹಿಡಿದು ಅಡಿಗೆಮನೆಗೆ ಹೋದಳು. ನನ್ನ ಜೇಬು ಗುಂಯ್ ಅಂದಿತು. ಎತ್ತಿದೆ. “ಕೇಳ್ದೇನೋ, ನಿಮ್ಮ ಮ್ಯಾನೇಜರು ಹೋಗ್ಬಿಟ್ರಂತೆ!”

ಎದುರಿಗೇ ಮ್ಯಾನೇಜರ್ ಮಜ್ಜಿಗೆ ಕುಡಿಯುತ್ತಾ ಕೂತಿದ್ದಾರೆ. ಅಳಬೇಕು, ಅಳು ಬರುತ್ತಿಲ್ಲ, ನಗು ಉಕ್ಕುತ್ತಿದೆ. ಅವರ ಜೀವ ನನ್ನ ಒಂದು ಹನಿ ಕಣ್ಣೀರಿನ ಮೇಲೆ ನಿಂತಿದೆ. ಅವರು ಲೋಟ ಕೆಳಗಿಟ್ಟು ಕನ್ನಡಕದ ಮೇಲಿಂದ ನೋಡಿದರು.

“ಏನ್ರೀ, ಇನ್ನೂ ಶುರು ಮಾಡಿಲ್ವಾ?”

ಗವರ್ನರ್‌ಪೇಟೆಯಲ್ಲಿ ಮೂರು ವರ್ಷ ಕೇಳಿದ್ದ ಅದೇ ದನಿ. ಗೊಳೋ ಎಂದು ಅತ್ತುಬಿಟ್ಟೆ.